ಮಣ್ಣಿನ ಅಮಾನತು

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಪರಿಮಳವನ್ನು ನಾವು ಮಣ್ಣಿನ ವಾಸನೆ ಎಂದು ಕರೆಯುತ್ತೇವೆ. ಕನೌಜಿನ ಅತ್ತರು ತಯಾರಕರು ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ ಆ ಪರಿಮಳವನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುತ್ತಾರೆ. ನಿಜ ಹೇಳಬೇಕೆಂದರೆ ಮಳೆನೆಲದ ಆ ವಾಸನೆಯಲ್ಲಿ ದೊಡ್ಡ ಪಾಲು ಮಣ್ಣಿನದಲ್ಲ, ಮಣ್ಣಿನೊಳಗೆ ಬದುಕಿರುವ ಜೀವಿಗಳದು. ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಜಿಯೋಸ್ಮಿನ್ ಎಂಬ ವಸ್ತು ಅದರಲ್ಲಿದೆ. 1965ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದಕ್ಕೂ 22 ವರ್ಷ ಮೊದಲು, ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ಕುಲದ ಒಂದು ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತ್ತು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಎಂದು ಹೇಳುವುದರ ಹೊರತು ಕ್ಷಯರೋಗಿಗೆ ಹೆಚ್ಚೇನೂ ಮಾಡಲಾಗದಿದ್ದ ವೈದ್ಯರ ಕೈಗೆ ಆಗ ಒಂದು ನಿಜವಾದ ಮದ್ದು ಬಂತು.

ಅಂದಿನಿಂದ ಇಂದಿನವರೆಗೆ ಮನುಷ್ಯ ಮಣ್ಣನ್ನು ಜರಡಿ ಹಿಡಿಯುತ್ತಲೇ ಇದ್ದಾನೆ. ನಿಸರ್ಗದಿಂದ ಬಂದ ಆ್ಯಂಟಿಬಯೋಟಿಕ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಸ್ಟ್ರೆಪ್ಟೊಮೈಸಿಸ್ ಮತ್ತು ಅದರ ಬಳಗದ ಕೊಡುಗೆ. ಈಗ ಹಳೆಯ ಮದ್ದುಗಳು ಒಂದೊಂದಾಗಿ ಸೋಲುತ್ತಿವೆ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನ ಅಂದಾಜಿಸಿತು. ಹೀಗಾಗಿ ಹೊಸ ಮದ್ದು ಬೇಕು ಎಂಬ ಕೂಗು ಎಲ್ಲೆಡೆ ಕೇಳುತ್ತಿದೆ. ಆ ಕೂಗು ನ್ಯಾಯವಾದದ್ದೇ. ಆದರೆ ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಮಣ್ಣಿನಲ್ಲಿ ಸಿಕ್ಕ ಮದ್ದು ಯಾರದು? ಹುಡುಕಿದವನದೇ, ಮಣ್ಣಿನ ಒಡೆಯನದೇ, ಹಣ ಹೂಡಿದವನದೇ, ಕೊಂಡವನದೇ? ಈ ಪ್ರಶ್ನೆಗೆ ನಾವು ಕೊಡುವ ಉತ್ತರವೇ ಹೊಸ ಮದ್ದಿನ ಆಯುಷ್ಯವನ್ನೂ ನಿರ್ಧರಿಸುತ್ತದೆ.

ಮೊದಲು ಮಣ್ಣಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಒಂದು ಚಮಚ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಆಹಾರ ಕಡಿಮೆ, ಉಣ್ಣುವ ಬಾಯಿ ಹೆಚ್ಚು. ಅಂಥಲ್ಲಿ ಹಲವು ಬ್ಯಾಕ್ಟೀರಿಯಾಗಳು ನೆರೆಯವರನ್ನು ತಡೆಯುವ ರಾಸಾಯನಿಕಗಳನ್ನು ಉತ್ಪಾದಿಸುತ್ತವೆ. ಅವು ಬರೀ ಆಯುಧಗಳಲ್ಲ, ಅಲ್ಪ ಪ್ರಮಾಣದಲ್ಲಿ ಅವು ಪರಸ್ಪರ ಕಳಿಸಿಕೊಳ್ಳುವ ಸಂದೇಶಗಳೂ ಇರಬಹುದು ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಒಂದು ಮಾತಂತೂ ಖಚಿತ. ವಿಷ ತಯಾರಿಸುವ ಜೀವಿ ಆ ವಿಷ ತನ್ನನ್ನೇ ಕೊಲ್ಲದಂತೆ ರಕ್ಷಣೆಯನ್ನೂ ಇಟ್ಟುಕೊಂಡಿರುತ್ತದೆ. ಕತ್ತಿ ಹುಟ್ಟಿದ ಮನೆಯಲ್ಲೇ ಗುರಾಣಿಯೂ ಹುಟ್ಟಿದೆ. ಕೆನಡಾದ ಯುಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ವ್ಯಾಂಕೊಮೈಸಿನ್‌ನಂಥ ಮದ್ದನ್ನು ಎದುರಿಸುವ ಜೀನ್‌ಗಳು ಸಿಕ್ಕಿವೆ ಎಂದು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮನುಷ್ಯ ಮದ್ದಿನ ಸೀಸೆ ತೆರೆಯುವ ಎಷ್ಟೋ ಮೊದಲೇ ಅದನ್ನು ಸೋಲಿಸುವ ವಿದ್ಯೆ ಮಣ್ಣಿನಲ್ಲಿತ್ತು. ಆದ್ದರಿಂದ ಮಣ್ಣು ನಮಗೆ ಕೊಡುವ ಯಾವ ಮದ್ದೂ ಶಾಶ್ವತವಲ್ಲ. ಎಚ್ಚರದಿಂದ ಬಳಸಿದರೆ ಅದು ಹೆಚ್ಚು ಕಾಲ ನಿಲ್ಲುತ್ತದೆ, ಬೇಕಾಬಿಟ್ಟಿ ಬಳಸಿದರೆ ಬೇಗ ಹೋಗುತ್ತದೆ.

ರಟ್ಗರ್ಸ್‌ನ ಸೆಲ್ಮನ್ ವಾಕ್ಸ್‌ಮನ್ ಉಕ್ರೇನಿನ ಹಳ್ಳಿಯೊಂದರಿಂದ ಅಮೆರಿಕಕ್ಕೆ ವಲಸೆ ಬಂದವರು, ಜೀವನವಿಡೀ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡಿದವರು. ಅವರ ಹಳೆಯ ವಿದ್ಯಾರ್ಥಿ ರೆನೆ ದುಬೋಸ್ 1939ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ರೋಗಾಣುನಾಶಕ ವಸ್ತುವನ್ನು ತೆಗೆದು ತೋರಿಸಿದ ಮೇಲೆ ವಾಕ್ಸ್‌ಮನ್ ತಮ್ಮ ಪ್ರಯೋಗಾಲಯವನ್ನೆಲ್ಲ ಅದೇ ಹುಡುಕಾಟಕ್ಕೆ ತೊಡಗಿಸಿದರು. ಕೆಲಸದ ರೀತಿ ಸರಳ, ಆದರೆ ಬೇಸರ ತರುವಂಥದ್ದು. ಮಣ್ಣನ್ನು ನೀರಿನಲ್ಲಿ ಕದಡಿ, ಪೋಷಕಾಂಶವಿರುವ ತಟ್ಟೆಯ ಮೇಲೆ ಹರಡಿ, ಬೆಳೆದ ಒಂದೊಂದು ಚುಕ್ಕೆಯನ್ನೂ ಬೇರೆ ಮಾಡಿ, ಅದರ ಪಕ್ಕದಲ್ಲಿ ರೋಗಾಣು ಬೆಳೆಯುತ್ತದೆಯೋ ಇಲ್ಲವೋ ನೋಡಬೇಕು. ಹೀಗೆ ಸಾವಿರಾರು ತಟ್ಟೆಗಳು. 1943ರ ಅಕ್ಟೋಬರ್‌ನಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23ರ ಹರೆಯದ ವಿದ್ಯಾರ್ಥಿ ನೆಲಮಾಳಿಗೆಯ ಕೋಣೆಯಲ್ಲಿ ಸ್ಟ್ರೆಪ್ಟೊಮೈಸಿನ್ ಕೊಡುವ ಎರಡು ತಳಿಗಳನ್ನು ಗುರುತಿಸಿದ. ಒಂದು ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನದು. ಇನ್ನೊಂದು ಕೋಳಿಯೊಂದರ ಗಂಟಲಿನಿಂದ ತೆಗೆದದ್ದು, ಅದನ್ನು ಅವನಿಗೆ ಕೊಟ್ಟವಳು ಡೋರಿಸ್ ಜೋನ್ಸ್ ಎಂಬ ಸಹಪಾಠಿ.

ಮದ್ದು ಸಿಕ್ಕಿತು, ಜೊತೆಗೆ ಜಗಳವೂ ಹುಟ್ಟಿತು. 1944ರ ಪ್ರಬಂಧದಲ್ಲಿ ಶಾಟ್ಜ್, ಎಲಿಜಬೆತ್ ಬ್ಯೂಗಿ, ವಾಕ್ಸ್‌ಮನ್ ಎಂದು ಮೂರು ಹೆಸರಿದ್ದವು. ಪೇಟೆಂಟಿಗೆ ಬರುವಾಗ ಬ್ಯೂಗಿಯ ಹೆಸರು ಬಿಟ್ಟುಹೋಯಿತು. ಮುಂದೆ ಮದುವೆಯಾಗಿ ಸಂಸಾರ ಮಾಡುವವಳಿಗೆ ಪೇಟೆಂಟಿನಲ್ಲಿ ಹೆಸರೇಕೆ ಎಂಬ ಅರ್ಥದ ಮಾತನ್ನು ತನಗೆ ಹೇಳಿದ್ದರು ಎಂದು ಆಕೆ ಮುಂದೊಂದು ದಿನ ನೆನಪಿಸಿಕೊಂಡರು. ಶಾಟ್ಜ್ ತನ್ನ ಹಕ್ಕನ್ನು ವಿಶ್ವವಿದ್ಯಾಲಯದ ಪ್ರತಿಷ್ಠಾನಕ್ಕೆ ಬರೆದುಕೊಟ್ಟ. ಆಮೇಲೆ ಗುರುವಿಗೆ ರಾಯಲ್ಟಿಯ ಪಾಲು ಸಲ್ಲುತ್ತಿದೆ ಎಂದು ತಿಳಿದು 1950ರಲ್ಲಿ ನ್ಯಾಯಾಲಯಕ್ಕೆ ಹೋದ. ಅದೇ ವರ್ಷ ರಾಜಿಯಾಯಿತು. ವಾಕ್ಸ್‌ಮನ್‌ಗೆ ಶೇಕಡ 10, ಶಾಟ್ಜ್‌ಗೆ ಶೇಕಡ 3, ಪ್ರಯೋಗಾಲಯದ ಉಳಿದವರಿಗೆಲ್ಲ ಸೇರಿ ಶೇಕಡ 7. ಇಬ್ಬರೂ ಸಹಶೋಧಕರೆಂದು ಕಾಗದದ ಮೇಲೆ ಒಪ್ಪಿಗೆಯಾಯಿತು. ಆದರೆ 1952ರ ನೊಬೆಲ್ ಬಹುಮಾನ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ರಟ್ಗರ್ಸ್ ಶಾಟ್ಜ್‌ನನ್ನು ಕರೆದು ಪದಕ ಕೊಟ್ಟದ್ದು 1994ರಲ್ಲಿ. ವಾಕ್ಸ್‌ಮನ್ ದುರಾಸೆಯವರಾಗಿದ್ದರು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ತಮ್ಮ ಪಾಲಿನ ಅರ್ಧವನ್ನು ಅವರು ಸೂಕ್ಷ್ಮಜೀವಿ ವಿಜ್ಞಾನದ ಪ್ರತಿಷ್ಠಾನಕ್ಕೆ ಕೊಟ್ಟರು. ದಾರಿ ಹಾಕಿಕೊಟ್ಟವರು ಅವರೇ ಎಂಬುದೂ ನಿಜ. ನನಗೆ ಇಲ್ಲಿ ಕಾಣುವುದು ಬೇರೆ ಸಂಗತಿ. ದಾರಿ ತೋರಿದವರು, ರಾತ್ರಿ ನಿದ್ದೆಗೆಟ್ಟವರು, ತಟ್ಟೆ ಕೊಟ್ಟವರು, ಹೊಲಕ್ಕೆ ಗೊಬ್ಬರ ಹಾಕಿದವರು ಇವರೆಲ್ಲರ ನಡುವೆ 'ಇದು ನನ್ನದು' ಎಂಬ ಗೆರೆಯನ್ನು ಎಲ್ಲಿ ಎಳೆದರೂ ಯಾರೋ ಒಬ್ಬರು ಹೊರಗುಳಿಯುತ್ತಾರೆ.

ಹುಡುಕಿದವರ ಕಥೆ ಹೀಗಾದರೆ ಪಡೆದವರ ಕಥೆ ಇನ್ನೂ ಬಿಗಿಯಾಗಿದೆ. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಅಮೆರಿಕದ ಸ್ಟ್ರೆಪ್ಟೊಮೈಸಿನ್ ಕೊಳ್ಳಲು ಡಾಲರ್ ಇರಲಿಲ್ಲ. ಇದ್ದ ಸ್ವಲ್ಪವನ್ನು ಯಾರಿಗೆ ಕೊಡುವುದು? ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ 1947ರಲ್ಲಿ 107 ಕ್ಷಯರೋಗಿಗಳನ್ನು ಆರಿಸಿ, ಮುಚ್ಚಿದ ಲಕೋಟೆಗಳ ಮೂಲಕ ಚೀಟಿ ಎತ್ತಿದಂತೆ ಇಬ್ಭಾಗ ಮಾಡಿತು. 55 ಮಂದಿಗೆ ಮದ್ದು ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ 4 ಮಂದಿ ತೀರಿಕೊಂಡರೆ ಪಡೆಯದವರಲ್ಲಿ 14 ಮಂದಿ ತೀರಿಕೊಂಡರು. ಜಗತ್ತು ಸಂತೋಷಪಟ್ಟಿತು. ಆದರೆ ಐದು ವರ್ಷ ಕಳೆದು ಲೆಕ್ಕ ಹಾಕಿದಾಗ ಮೊದಲ ಗುಂಪಿನಲ್ಲಿ ಸತ್ತವರು 32, ಎರಡನೆಯದರಲ್ಲಿ 35. ಒಂದೇ ಮದ್ದನ್ನು ಒಂಟಿಯಾಗಿ ಕೊಟ್ಟಿದ್ದರಿಂದ ಕ್ಷಯದ ರೋಗಾಣು ಅದಕ್ಕೆ ಒಗ್ಗಿಹೋಗಿತ್ತು. ಎರಡು ಮೂರು ಮದ್ದುಗಳನ್ನು ಕೂಡಿಸಿ ಕೊಡಬೇಕೆಂಬ ಪಾಠವನ್ನು ವೈದ್ಯರು ಕಲಿತದ್ದು ಇಂಥ ಸಾವುಗಳಿಂದ. ಕ್ಷಯದ ಮೊದಲ ಮದ್ದಿನಲ್ಲೇ, ಅದರ ಮೊದಲ ಪರೀಕ್ಷೆಯಲ್ಲೇ, ಮುಂದಿನ ಎಂಟು ದಶಕಗಳ ಎಚ್ಚರಿಕೆ ಇತ್ತು.

1948ರಲ್ಲಿ ಲೇಖಕ ಜಾರ್ಜ್ ಆರ್ವೆಲ್ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕ್ಷಯದಿಂದ ಮಲಗಿದ್ದರು. ಪ್ರಭಾವಿ ಗೆಳೆಯರ ಮೂಲಕ ಅವರಿಗೆ ಅಮೆರಿಕದಿಂದ ಸ್ಟ್ರೆಪ್ಟೊಮೈಸಿನ್ ತರಿಸಲಾಯಿತು. ಅವರ ದೇಹ ಅದನ್ನು ತಾಳಿಕೊಳ್ಳಲಿಲ್ಲ. ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು, ಚಿಕಿತ್ಸೆ ನಿಲ್ಲಿಸಬೇಕಾಯಿತು. ಉಳಿದ ಮದ್ದನ್ನು ಇಬ್ಬರು ವೈದ್ಯರ ಪತ್ನಿಯರಿಗೆ ಕೊಡಲಾಯಿತು, ಅವರು ಗುಣವಾದರು ಎಂದು ಆರ್ವೆಲ್ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆರ್ವೆಲ್ 1950ರ ಜನವರಿಯಲ್ಲಿ ತೀರಿಕೊಂಡರು. ಸಮಾನತೆಯ ಬಗ್ಗೆ ಅಷ್ಟು ತೀಕ್ಷ್ಣವಾಗಿ ಬರೆದವರ ಹಾಸಿಗೆಯ ಬಳಿಗೂ ಮದ್ದು ಬಂದದ್ದು ಪರಿಚಯದ ದಾರಿಯಲ್ಲೇ. ಅವರನ್ನು ದೂರುವಂತಿಲ್ಲ, ಸಾಯುತ್ತಿರುವವನು ಚಾಚಿದ ಕೈಯನ್ನು ಯಾವ ನ್ಯಾಯಾಧೀಶನೂ ತಡೆಯಲಾರ. ಅದೇ ಹೊತ್ತಿನಲ್ಲಿ ಪಕ್ಕದ ವಾರ್ಡಿನಲ್ಲಿ ಪರಿಚಯವೇ ಇಲ್ಲದೆ ಮಲಗಿದ್ದವರನ್ನೂ ನಾವು ಮರೆಯುವಂತಿಲ್ಲ.

ಸ್ಟ್ರೆಪ್ಟೊಮೈಸಿನ್‌ನ ಯಶಸ್ಸು ಕಂಡ ಔಷಧ ಕಂಪೆನಿಗಳು ಜಗತ್ತಿನ ಮೂಲೆಮೂಲೆಯ ಮಣ್ಣಿಗೆ ಕೈ ಹಾಕಿದವು. ಪ್ರವಾಸಿಗರಿಗೆ, ಧರ್ಮಪ್ರಚಾರಕರಿಗೆ, ತಮ್ಮದೇ ನೌಕರರಿಗೆ ಹೋದಲ್ಲೆಲ್ಲ ಒಂದು ಹಿಡಿ ಮಣ್ಣು ತನ್ನಿ ಎಂದವು. ಅಮೆರಿಕದ ಮಿಸೌರಿಯ ಸ್ಯಾನ್‌ಬಾರ್ನ್ ಹೊಲದ ಹುಲ್ಲಿನ ತಾಕಿನಿಂದ ಆರಿಯೋಮೈಸಿನ್ ಬಂತು. 1948ರಲ್ಲಿ ಅದನ್ನು ಹೊರತಂದ ಲೆಡರ್ಲಿ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದ್ದು ಜಗತ್ತಿಗೆ ಪರಿಚಯವಾದ ಬೆನ್ನಲ್ಲೇ ಅವರು ತೀರಿಕೊಂಡರು. ಬೋರ್ನಿಯೋ ದ್ವೀಪದಿಂದ ಪಾದ್ರಿಯೊಬ್ಬರು ಕಳಿಸಿದ ಮಣ್ಣಿನಿಂದ 1950ರ ದಶಕದಲ್ಲಿ ವ್ಯಾಂಕೊಮೈಸಿನ್ ಬಂತು. ಫ್ರಾನ್ಸಿನ ಕಡಲತೀರದ ಪೈನ್ ಮರಗಳ ಬುಡದ ಮಣ್ಣಿನಿಂದ 1957ರಲ್ಲಿ ಸಿಕ್ಕ ಜೀವಿಯಿಂದ ರಿಫಾಂಪಿಸಿನ್ ಹುಟ್ಟಿತು. ಇಂದಿಗೂ ನಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯರೋಗಿಗೆ ಉಚಿತವಾಗಿ ಕೊಡುವ ಮಾತ್ರೆಗಳಲ್ಲಿ ಅದು ಮುಖ್ಯವಾದದ್ದು.

ಈ ಪಟ್ಟಿಯಲ್ಲಿ ಮನಸ್ಸಿನಲ್ಲಿ ಉಳಿಯುವ ಹೆಸರು ಫಿಲಿಪ್ಪೀನ್ಸ್‌ನ ಡಾ. ಅಬೆಲಾರ್ಡೊ ಅಗಿಲಾರ್ ಅವರದು. ಎಲಿ ಲಿಲ್ಲಿ ಕಂಪೆನಿಗೆ ಕೆಲಸ ಮಾಡುತ್ತಿದ್ದ ಅವರು 1949ರಲ್ಲಿ ಇಲೋಯಿಲೋ ಪ್ರಾಂತದ ಮಣ್ಣನ್ನು ಅಮೆರಿಕಕ್ಕೆ ಕಳಿಸಿದರು. ಅದರಿಂದ ಎರಿಥ್ರೋಮೈಸಿನ್ ಸಿಕ್ಕಿ 1952ರಲ್ಲಿ ಮಾರುಕಟ್ಟೆಗೆ ಬಂತು. ಅದರ ಒಂದು ರೂಪಕ್ಕೆ ಕಂಪೆನಿ ಇಲೋಯಿಲೋದ ನೆನಪಿಗೆ 'ಐಲೋಸೋನ್' ಎಂದು ಹೆಸರಿಟ್ಟಿತು. ಊರಿಗೆ ಹೆಸರು ದಕ್ಕಿತು. ಅಗಿಲಾರ್ ತಮ್ಮ ಪಾಲಿನ ರಾಯಲ್ಟಿಗಾಗಿ ವರ್ಷಗಟ್ಟಲೆ ಕೇಳಿದರು. ಅದು ಸಿಗದೆಯೇ 1993ರಲ್ಲಿ ಕಣ್ಣು ಮುಚ್ಚಿದರು.

ಇಂಥ ಅನ್ಯಾಯಗಳಿಂದ ಕಾನೂನು ಕಣ್ಣು ತೆರೆಯಿತು. 1992ರ ಜೀವವೈವಿಧ್ಯ ಒಪ್ಪಂದ ಒಂದು ದೇಶದ ಜೀವಸಂಪತ್ತಿನ ಮೇಲೆ ಆ ದೇಶಕ್ಕೆ ಹಕ್ಕಿದೆ ಎಂದಿತು. ಭಾರತದ 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸಸ್ಯ ಪ್ರಾಣಿಗಳ ಜೊತೆಗೆ ಸೂಕ್ಷ್ಮಜೀವಿಗಳೂ ಸೇರಿವೆ. ಹೊರಗಿನವರು ಅವುಗಳನ್ನು ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. 2010ರಲ್ಲಿ ರೂಪುಗೊಂಡು 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಲಾಭದಲ್ಲಿ ಪಾಲು ಹಂಚಿಕೊಳ್ಳಬೇಕೆಂದು ವಿಧಿಸಿತು. ಇದು ಬೇಕಾಗಿತ್ತು. ಅಗಿಲಾರ್ ಅವರಂಥವರಿಗೆ ಆದದ್ದು ಮತ್ತೆ ಆಗಬಾರದು.

ಆದರೆ ಇಷ್ಟಕ್ಕೇ ಪ್ರಶ್ನೆ ಮುಗಿಯಿತೆ? ಕಂಪೆನಿ 'ನನ್ನದು' ಎನ್ನುತ್ತಿದ್ದ ಜಾಗದಲ್ಲಿ ಸರ್ಕಾರ 'ನನ್ನದು' ಎಂದರೆ ಒಡೆಯ ಬದಲಾದ, ಒಡೆತನ ಹಾಗೇ ಉಳಿಯಿತು. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಆರಂಭವಾದ ಸಾರ್ವಜನಿಕ ಉದ್ಯಮ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿದರು. ಮದ್ದಿನ ಹೆಸರಿನಲ್ಲಿ ಸಂಸ್ಥೆಯ ಹೆಸರಿದೆ, ಅದನ್ನು ಕೊಟ್ಟ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಜೀವಿಯ ಹೆಸರಿನಲ್ಲಿ ಊರಿನ ಹೆಸರಿದೆ. ವ್ಯಕ್ತಿಯ ಹೆಸರು ಎರಡರಲ್ಲೂ ಇಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮದ್ದನ್ನು ಸಮಾಜದ ಸೊತ್ತು ಎಂದು ಯೋಚಿಸುವ ರೂಢಿ ನಮ್ಮಲ್ಲಿತ್ತು ಎಂಬುದಕ್ಕೆ ಇದು ಒಂದು ಗುರುತು. ಆ ರೂಢಿಯಲ್ಲಿ ಒಂದು ಸತ್ಯವಿದೆ. ಆದರೆ 'ಸೊತ್ತು' ಎಂಬ ಪದ ಇಲ್ಲಿ ಸಾಲದು.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನನ್ನಂಥವರಿಗೆ 'ಅಮಾನತು' ಎಂಬ ಪದ ಸ್ವಲ್ಪ ತಮಾಷೆಯಾಗಿ ಕೇಳುತ್ತದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯ ಮೇಲೆ ಒಬ್ಬರ ಬಳಿ ಇಟ್ಟ ವಸ್ತು. ಕನ್ನಡ ಪತ್ರಿಕೆ ತೆರೆದರೆ ಲಂಚ ತಿಂದ ಗುಮಾಸ್ತನ ಅಮಾನತು, ಅಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ಒಂದೇ ಅರಬಿ ಬೇರಿನಿಂದ ಬಂದ ಪದ ಎರಡು ಮನೆಗಳಲ್ಲಿ ಎರಡು ರೀತಿ ಬೆಳೆದಿದೆ. ಆ್ಯಂಟಿಬಯೋಟಿಕ್‌ನ ಮಟ್ಟಿಗೆ ಮಾತ್ರ ಎರಡು ಅರ್ಥಗಳೂ ಒಟ್ಟಿಗೇ ಬೇಕು. ಅದು ನಂಬಿ ಇಟ್ಟ ವಸ್ತುವೂ ಹೌದು, ಅದರಲ್ಲಿ ಅತ್ಯುತ್ತಮವಾದದ್ದನ್ನು ಬಳಕೆಯಿಂದ ದೂರ ಇಡಬೇಕಾದದ್ದೂ ಹೌದು.

ಹಿಂದೆ ಹಡಗಿನಲ್ಲಿ ಹಜ್ ಯಾತ್ರೆಗೆ ಹೊರಟವರು ಮನೆಯ ಒಡವೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೆರೆಮನೆಯ ಹಿರಿಯರ ಬಳಿ ಇಟ್ಟು ಹೋಗುವುದಿತ್ತು. ನೆರೆಮನೆ ಹಿಂದೂವಿನದೋ ಮುಸ್ಲಿಮನದೋ ಎಂದು ಯಾರೂ ನೋಡುತ್ತಿರಲಿಲ್ಲ, ಮನುಷ್ಯನನ್ನು ನೋಡುತ್ತಿದ್ದರು. ಇಟ್ಟುಕೊಂಡವರಿಗೆ ನಿಯಮಗಳು ಯಾರೂ ಹೇಳಿಕೊಡದೆ ಗೊತ್ತಿದ್ದವು. ಅದನ್ನು ತಮ್ಮ ಚಟಕ್ಕೆ ಬಳಸಬಾರದು. ಕೆಡದಂತೆ ಕಾಯಬೇಕು. ಹಕ್ಕುಳ್ಳವರು ಬಂದು ಕೇಳಿದಾಗ ತಡ ಮಾಡದೆ ಕೊಡಬೇಕು. ಇದನ್ನು ಮೀರಿದರೆ ಅದಕ್ಕೆ 'ಖಿಯಾನತ್' ಎಂಬ ಹೆಸರು. ಕಳ್ಳತನಕ್ಕಿಂತ ಅದು ಕೀಳು. ಕಳ್ಳನನ್ನು ಯಾರೂ ನಂಬಿರಲಿಲ್ಲವಲ್ಲ!

ಒಡವೆಗೂ ಮದ್ದಿಗೂ ಒಂದು ವ್ಯತ್ಯಾಸ ಇದೆ ಎಂದು ಓದುಗರು ಹೇಳಬಹುದು. ಒಡವೆಯ ಒಡೆಯ ಯಾರೆಂದು ಗೊತ್ತು, ಮರಳಿ ಬರುವ ದಿನವೂ ಗೊತ್ತು. ಮದ್ದಿನ ಒಡೆಯ ಯಾರು? ನಾಳೆ ಯಾರಿಗೆ ರಕ್ತಕ್ಕೆ ನಂಜೇರುತ್ತದೋ ಅವರು. ಹೆರಿಗೆಯ ನಂತರ ಯಾವ ಬಾಣಂತಿಗೆ ಜ್ವರ ಏರುತ್ತದೋ ಅವಳು. ಅವರ ಹೆಸರು ನಮಗೆ ಗೊತ್ತಿಲ್ಲ, ಕೆಲವರು ಇನ್ನೂ ಹುಟ್ಟಿಲ್ಲ. ಗಂಟು ಇಟ್ಟವರ ಮುಖ ಗೊತ್ತಿಲ್ಲದ ಕಾರಣಕ್ಕೆ ಅದನ್ನು ಬಿಚ್ಚಿ ಖರ್ಚು ಮಾಡುವುದು ಸುಲಭ. ನಮ್ಮ ಕಾಲದ ದೊಡ್ಡ ಖಿಯಾನತ್ ನಡೆದದ್ದು ಹೀಗೆಯೇ.

ಕೊಲಿಸ್ಟಿನ್ ಎಂಬ ಮದ್ದಿನ ಕಥೆ ಇದಕ್ಕೆ ಸಾಕ್ಷಿ. 1940ರ ದಶಕದ ಕೊನೆಯಲ್ಲಿ ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಮದ್ದು ಅದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ವೈದ್ಯರು ಅದನ್ನು ಬದಿಗಿಟ್ಟರು. ಬೇರೆಲ್ಲ ಮದ್ದುಗಳು ಸೋಲತೊಡಗಿದಾಗ, ತೀವ್ರ ನಿಗಾ ಘಟಕದಲ್ಲಿ ಇನ್ನೇನೂ ಉಳಿದಿಲ್ಲ ಎನ್ನುವ ರೋಗಿಗೆ ಕೊನೆಯ ಆಸರೆಯಾಗಿ ಅದನ್ನು ಮತ್ತೆ ಕೈಗೆತ್ತಿಕೊಂಡರು. ಆ ಹೊತ್ತಿಗೆ ಜಗತ್ತಿನ ಹಲವೆಡೆ ಅದೇ ಮದ್ದನ್ನು ಕೋಳಿ, ಹಂದಿಗಳ ಆಹಾರದಲ್ಲಿ ಬೆರೆಸಲಾಗುತ್ತಿತ್ತು. ರೋಗಕ್ಕಲ್ಲ, ಬೇಗ ದಪ್ಪವಾಗಲಿ ಎಂದು. ಈ ವಿದ್ಯೆ ಹೊಸದೇನಲ್ಲ. ಆರಿಯೋಮೈಸಿನ್ ತಯಾರಿಸಿ ಉಳಿದ ಗಸಿಯನ್ನು ತಿಂದ ಕೋಳಿಮರಿಗಳು ಬೇಗ ಬೆಳೆಯುತ್ತವೆಂದು ಲೆಡರ್ಲಿಯ ವಿಜ್ಞಾನಿಗಳು 1950ರ ಸುಮಾರಿಗೇ ಕಂಡುಕೊಂಡಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್ನನ್ನು ಸೋಲಿಸುವ ಒಂದು ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತಿದೆ ಎಂದು ವರದಿ ಮಾಡಿದರು. ಅದು ಪ್ರಾಣಿಗಳಲ್ಲೂ ಇತ್ತು, ಮಾಂಸದಲ್ಲೂ ಇತ್ತು, ರೋಗಿಗಳಲ್ಲೂ ಇತ್ತು. ಭಾರತ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಸಾಯುತ್ತಿರುವವನ ಕೊನೆಯ ಮದ್ದನ್ನು ಕೋಳಿಯ ತೂಕ ಹೆಚ್ಚಿಸಲು ಸುರಿದದ್ದು ಯಾವ ದುಷ್ಟನ ಸಂಚೂ ಅಲ್ಲ. ಅದು ಎಲ್ಲರೂ ಒಪ್ಪಿದ ವ್ಯಾಪಾರವಾಗಿತ್ತು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯಲ್ಲಿ ದೊಣ್ಣೆ ಹಿಡಿದವನಿಗೆ ತಾನು ಮಡಕೆ ಒಡೆಯುತ್ತಿದ್ದೇನೆಂದಾದರೂ ಗೊತ್ತಿರುತ್ತದೆ. ಇಲ್ಲಿ ಅದೂ ಇರಲಿಲ್ಲ.

ಕುಂಬಾರನ ವರುಷ ಈಗ ಮೊದಲಿಗಿಂತ ಉದ್ದವಾಗಿದೆ. 1960ರ ದಶಕದ ನಂತರ ಮಣ್ಣನ್ನು ಎಷ್ಟು ಜರಡಿ ಹಿಡಿದರೂ ಹಳೆಯ ಮದ್ದುಗಳೇ ಮತ್ತೆ ಮತ್ತೆ ಸಿಗತೊಡಗಿದವು. ಕಾರಣ, ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಶೇಕಡ 99ರಷ್ಟು ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸ್ಲಾವಾ ಎಪ್‌ಸ್ಟೈನ್ ಇದಕ್ಕೊಂದು ಉಪಾಯ ಹೂಡಿದರು. ಬ್ಯಾಕ್ಟೀರಿಯಾವನ್ನು ತಟ್ಟೆಗೆ ತರುವ ಬದಲು ಸಣ್ಣ ಸಣ್ಣ ರಂಧ್ರಗಳಿರುವ ಫಲಕದಲ್ಲಿ ಒಂದೊಂದನ್ನೇ ಇಟ್ಟು, ಎರಡೂ ಕಡೆ ತೆಳುಪೊರೆ ಹೊದಿಸಿ, ಮತ್ತೆ ಮಣ್ಣಿನಲ್ಲೇ ಹೂತರು. ಮಣ್ಣಿನ ಪೋಷಕಾಂಶ ಒಳಗೆ ಬರುತ್ತದೆ, ಜೀವಿ ತನ್ನ ಮನೆಯಲ್ಲೇ ಬೆಳೆಯುತ್ತದೆ. ಹೀಗೆ ಸುಮಾರು 10,000 ತಳಿಗಳನ್ನು ಪರೀಕ್ಷಿಸಿ, ಮೇನ್ ರಾಜ್ಯದ ಹುಲ್ಲುಗಾವಲಿನ ಮಣ್ಣಿನಿಂದ ಟೀಕ್ಸೊಬ್ಯಾಕ್ಟಿನ್ ಎಂಬ ಹೊಸ ಮದ್ದನ್ನು 2015ರಲ್ಲಿ ಪ್ರಕಟಿಸಿದರು. ಹತ್ತು ವರ್ಷ ಕಳೆದರೂ ಅದು ರೋಗಿಯ ಕೈಗೆ ಬಂದಿಲ್ಲ. 2025ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಲ್ಯಾರಿಯೊಸಿಡಿನ್ ಎಂಬ ಇನ್ನೊಂದನ್ನು ಪ್ರಕಟಿಸಿದರು. ಅದರ ಮಣ್ಣು ಬಂದದ್ದು ಹ್ಯಾಮಿಲ್ಟನ್ ನಗರದ ಒಂದು ಮನೆಯ ಹಿತ್ತಲಿನಿಂದ. ನಿಧಾನವಾಗಿ ಬೆಳೆಯುವ ಜೀವಿಗಳೂ ಕಾಣಿಸಿಕೊಳ್ಳಲಿ ಎಂದು ಅವರು ಆ ತಟ್ಟೆಗಳನ್ನು ಸುಮಾರು ಒಂದು ವರ್ಷ ಹಾಗೆಯೇ ಬಿಟ್ಟಿದ್ದರು. ಇದೂ ಇನ್ನೂ ಪ್ರಯೋಗಾಲಯದ ಹಂತದಲ್ಲೇ ಇದೆ.

ಇಷ್ಟು ಕಷ್ಟಪಟ್ಟು ಪಡೆದ ಮದ್ದು ಕೊನೆಗೆ ಮಾರುಕಟ್ಟೆಗೆ ಬಂದರೆ ಏನಾಗುತ್ತದೆ? ಮಣ್ಣಿನ ಬ್ಯಾಕ್ಟೀರಿಯಾದ ಮೂಲದಿಂದಲೇ ರೂಪಿಸಿದ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ತಯಾರಿಸಿದ ಅಕಾವೊಜೆನ್ ಎಂಬ ಚಿಕ್ಕ ಕಂಪೆನಿ 2019ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಮದ್ದಿನ ಬಹುಪಾಲು ಹಕ್ಕುಗಳನ್ನು ಭಾರತ ಮೂಲದ ಸಿಪ್ಲಾದ ಅಮೆರಿಕ ಶಾಖೆ ಕೊಂಡಿತು. ಮದ್ದು ಕೆಟ್ಟದ್ದಾಗಿತ್ತು ಎಂದಲ್ಲ. ಒಳ್ಳೆಯ ವೈದ್ಯ ಹೊಸ ಆ್ಯಂಟಿಬಯೋಟಿಕನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ, ಹಳೆಯದು ಕೆಲಸ ಮಾಡದಿದ್ದಾಗ ಮಾತ್ರ ತೆಗೆಯುತ್ತಾನೆ. ಅದು ಅವನ ಧರ್ಮ. ಆದರೆ ಮಾರಾಟವಾದ ಸೀಸೆಯ ಲೆಕ್ಕದಲ್ಲಿ ಹಣ ಬರುವ ಕಂಪೆನಿಗೆ ಆ ಧರ್ಮವೇ ದಿವಾಳಿ. ಅಮಾನತ್ತನ್ನು ಸರಕಿನಂತೆ ಲೆಕ್ಕ ಹಾಕಿದರೆ ಹೀಗಾಗುವುದು ಸಹಜ. ಬ್ರಿಟನ್ 2022ರಲ್ಲಿ ಬೇರೊಂದು ದಾರಿ ಹಿಡಿಯಿತು. ಎರಡು ಹೊಸ ಮದ್ದುಗಳಿಗೆ, ಎಷ್ಟು ಬಳಸಿದರೂ ಬಳಸದಿದ್ದರೂ, ವರ್ಷಕ್ಕೆ ತಲಾ ಒಂದು ಕೋಟಿ ಪೌಂಡಿನವರೆಗೆ ನಿಗದಿತ ಮೊತ್ತ ಕೊಡುವ ಏರ್ಪಾಡು. ಅಂದರೆ ಸರಕಿಗೆ ಬೆಲೆ ಕೊಡುವುದಲ್ಲ, ಕಾಯುವುದಕ್ಕೆ ಸಂಬಳ ಕೊಡುವುದು. ಕಾವಲುಗಾರನಿಗೆ ಕಳ್ಳ ಬಂದ ದಿನ ಮಾತ್ರ ಕೂಲಿ ಕೊಡುತ್ತೇನೆ ಎನ್ನುವ ಯಜಮಾನ ಯಾವ ಊರಿನಲ್ಲಿದ್ದಾನೆ?

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಕಾಯಿರಿ, ಕಡಿಮೆ ಬಳಸಿ ಎಂಬ ಉಪದೇಶ ಹೊಟ್ಟೆ ತುಂಬಿದವರ ಉಪದೇಶ ಎನ್ನುತ್ತಾರೆ ಕೆಲವರು. ನ್ಯುಮೋನಿಯಾ ಆದ ಕೂಸಿಗೆ ಅಗ್ಗದ ಅಮಾಕ್ಸಿಸಿಲಿನ್ ಕೂಡ ಸಮಯಕ್ಕೆ ಸಿಗದ ಹಳ್ಳಿಗಳಿವೆ. ಐನೂರು ರೂಪಾಯಿ ದಿನಗೂಲಿಯವನು ಡಾಕ್ಟರಿಗೆ ತೋರಿಸಲು ಹೋದರೆ ಆ ದಿನದ ಕೂಲಿಯೂ ಹೋಯಿತು, ಫೀಸೂ ಹೋಯಿತು. ಅವನು ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ ಎರಡು ಮಾತ್ರೆ ಕೇಳಿದರೆ ಅವನಿಗೆ ನೀತಿ ಹೇಳುವ ಹಕ್ಕು ಯಾರಿಗಿದೆ? ಈ ಮಾತು ನಿಜ. ಆದರೆ ಅಮಾನತ್ತಿನ ನಿಯಮವನ್ನು ಪೂರ್ತಿ ಓದಿದರೆ ಉತ್ತರ ಅಲ್ಲೇ ಇದೆ. ಬಳಸಬಾರದವರು ಬಳಸುವುದು ಎಷ್ಟು ದೊಡ್ಡ ಖಿಯಾನತ್ತೋ, ಹಕ್ಕುಳ್ಳವರು ಕೇಳಿದಾಗ ಕೊಡದಿರುವುದೂ ಅಷ್ಟೇ ದೊಡ್ಡದು. ನೆಗಡಿಗೆ ನುಂಗಿದ ಮಾತ್ರೆ ಮತ್ತು ನ್ಯುಮೋನಿಯಾಕ್ಕೆ ಸಿಗದ ಮಾತ್ರೆ ಎರಡೂ ಒಂದೇ ತಪ್ಪಿನ ಎರಡು ಮುಖ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಎಲ್ಲರಿಗೂ ಸುಲಭವಾಗಿ ಸಿಗಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಕೊನೆಯ ಗಳಿಗೆಗೆ ಕಾದಿಡಬೇಕಾದವು. ಮೊದಲ ಗುಂಪು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಲ್ಲದಿದ್ದರೆ ಮೂರನೆಯ ಗುಂಪಿಗೆ ಹಾಕಿದ ಬೀಗಕ್ಕೆ ನೈತಿಕ ಬಲವಿಲ್ಲ. ಬಡವನಿಗೆ ಹತ್ತಿರದಲ್ಲಿ ಒಬ್ಬ ವೈದ್ಯನನ್ನು ಕೊಡದ ಸರ್ಕಾರ ಅವನ ಕೈಯಿಂದ ಮಾತ್ರೆಯನ್ನು ಕಿತ್ತುಕೊಳ್ಳುವುದು ಕಾವಲಲ್ಲ.

ಹಾಗೆಂದು ನಮ್ಮ ನಮ್ಮ ಪಾಲಿನ ಲೆಕ್ಕವನ್ನು ಸರ್ಕಾರದ ಹೆಗಲಿಗೆ ಹಾಕಿ ಕುಳಿತುಕೊಳ್ಳುವಂತಿಲ್ಲ. ಐದು ದಿನಕ್ಕೆ ಬರೆದ ಮದ್ದನ್ನು ಎರಡು ದಿನಕ್ಕೆ ಬಿಟ್ಟು, ಉಳಿದದ್ದನ್ನು ಡಬ್ಬಿಯಲ್ಲಿಟ್ಟು, ಮುಂದಿನ ತಿಂಗಳು ತಂಗಿಯ ಮಗನಿಗೆ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಲಕ್ಷಣ. ವೈರಸ್ಸಿನ ಜ್ವರಕ್ಕೆ ಆ್ಯಂಟಿಬಯೋಟಿಕ್ ಬರೆಯದ ವೈದ್ಯ ಕೈಗುಣವಿಲ್ಲದವನು. ಕೋಳಿಗೆ ಏನು ತಿನ್ನಿಸಿದ್ದಾರೆ ಎಂದು ಕೇಳುವ ಗಿರಾಕಿ ಅಪರೂಪ, ಕೆ.ಜಿ.ಗೆ ಎಷ್ಟು ಎಂದು ಕೇಳುವವರೇ ಎಲ್ಲ. ಇವುಗಳಲ್ಲಿ ಯಾವುದೂ ದುಷ್ಟತನವಲ್ಲ. ಆದರೆ ಗಂಟಿನಿಂದ ಒಂದೊಂದೇ ಒಡವೆ ಹೀಗೆ ಜಾರುತ್ತದೆ.

ಹೊಸ ಮದ್ದಿಗಾಗಿ ಮಣ್ಣು ಅಗೆಯುವವರ ಬಗ್ಗೆ ನನಗೆ ಗೌರವವಿದೆ. ವರ್ಷಗಟ್ಟಲೆ ತಟ್ಟೆ ಕಾಯುವ ತಾಳ್ಮೆ ಸಣ್ಣದಲ್ಲ. ಹ್ಯಾಮಿಲ್ಟನ್ನಿನ ಹಿತ್ತಲಿನಲ್ಲಿ ಸಿಕ್ಕದ್ದು ನಾಳೆ ಹಾವೇರಿಯ ಹೊಲದಲ್ಲೋ ಕುಂದಾಪುರದ ತೋಟದಲ್ಲೋ ಸಿಗಬಹುದು. ಸಿಕ್ಕಾಗ ಆ ಊರಿಗೆ, ಆ ರೈತನಿಗೆ, ತಟ್ಟೆ ತೊಳೆದ ಹುಡುಗಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಹೊಸದು ಸಿಗುತ್ತದೆ ಎಂಬ ಭರವಸೆ ಹಳೆಯದನ್ನು ಹಾಳು ಮಾಡಲು ಪರವಾನಗಿಯಾಗಬಾರದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳಿದ್ದು ಇದಕ್ಕೂ ಸಲ್ಲುತ್ತದೆ.

2014ರ ಮಾರ್ಚ್‌ನಿಂದ ನಮ್ಮ ದೇಶದಲ್ಲಿ ಒಂದು ನಿಯಮವಿದೆ. ಕೆಲವು ಮುಖ್ಯ ಆ್ಯಂಟಿಬಯೋಟಿಕ್‌ಗಳನ್ನು ಮಾರುವ ಅಂಗಡಿಯವರು ರೋಗಿಯ ಹೆಸರು, ಚೀಟಿ ಬರೆದ ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕ ಎಷ್ಟೋ ಅಂಗಡಿಗಳಲ್ಲಿ ಧೂಳು ಹಿಡಿದಿರಬಹುದು. ಆದರೂ ಸಂಜೆಯ ನೂಕುನುಗ್ಗಲಿನ ನಡುವೆ "ಚೀಟಿ ಇಲ್ಲದೆ ಇದನ್ನು ಕೊಡುವುದಿಲ್ಲ, ಡಾಕ್ಟರಿಗೆ ತೋರಿಸಿಕೊಂಡು ಬನ್ನಿ" ಎಂದು ಹೇಳುವ ಅಂಗಡಿಯವರೂ ಅಲ್ಲಲ್ಲಿ ಇದ್ದಾರೆ. ಗಿರಾಕಿ ಮುಖ ಸಿಂಡರಿಸಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನಿಗೆ ಅರವತ್ತೋ ಎಪ್ಪತ್ತೋ ರೂಪಾಯಿಯ ವ್ಯಾಪಾರ ಹೋಯಿತು. ಅವನು ಯಾರಿಗಾಗಿ ಆ ಮಾತ್ರೆಯನ್ನು ಕಾದಿಟ್ಟನೋ ಆ ರೋಗಿ ಅವನಿಗೆ ಎಂದೂ ಎದುರಾಗುವುದಿಲ್ಲ, ಬಹುಶಃ ಇನ್ನೂ ಹುಟ್ಟಿಯೂ ಇಲ್ಲ.